ಹಾಲುರಾಮೇಶ್ವರದ ಕೊಳದ ಬಳಿಯಲ್ಲಿ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ನಾವು ಮನೆಮಂದಿಯೆಲ್ಲ ಕೂಡಿ ಹೋಗಿದ್ದೆವು. ಸ್ವಾಮಿಯ ದರ್ಶನವಾದ ಮೇಲೆ ಗಂಗಮ್ಮನ ಕೊಳದ ಬಳಿ ಕುಳಿತೆವು. ಬೇಡಿಕೊಂಡು ಕುಳಿತವರಿಗೆ ನೀರಿನಿಂದ ಹೂವೋ ಹಣ್ಣೋ ತೇಲಿಬಂದರೆ ಅದೇ ತಾಯಿಯ ಪ್ರಸಾದವೆಂದು ಭಕ್ತರ ನಂಬಿಕೆ.

ಎಲ್ಲರ ಕಣ್ಣೂ ನೀರಿನ ಮೇಲಿರಲು, ನಮ್ಮ ಮನೆಯ ಹುಡುಗಿಯೊಬ್ಬಳು ಮಾತ್ರ ಸುತ್ತಲಿದ್ದ ಹೆಂಗಸರ ಸೆರಗು, ನಿರಿಗೆಗಳನ್ನು ಪುಸ್ತಕದಲ್ಲಿ ಚಿತ್ರಿಸಿಕೊಳ್ಳುತ್ತಿದ್ದಳು. ಇದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಆರಂಭವಾದ ‘ಶಿವಸಂಚಾರ’ದ ನಾಟಕಗಳನ್ನು ಕಂಡಂದಿನಿಂದ, ಪಾತ್ರಗಳಿಗೆ ಉಡುಪು ರಚಿಸುವ ವಿದ್ಯೆಯನ್ನೇ ಕಲಿಯಬೇಕೆಂಬುದು ಆಕೆಯ ಹಂಬಲ.

“ಬಟ್ಟೆ ಹೊಲಿಯುವುದಕ್ಕೆ ಇಷ್ಟು ಓದಬೇಕಿತ್ತೇನಮ್ಮಾ?” ಎಂದರು ಅಜ್ಜಿ. ಹುಡುಗಿ ತಲೆ ತಗ್ಗಿಸಿದಳು. ನಮಗೆ ಪ್ರೇಮಾ ಕಾರಂತರ ನೆನಪಾಯಿತು. ಅವರ ವೃತ್ತಾಂತವನ್ನು ಅಲ್ಲಿಯೇ ಹೇಳಿದೆವು.

1936ರಲ್ಲಿ ಜನಿಸಿದ ಪ್ರೇಮಾ ಅವರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದರು, ಬೆಂಗಳೂರಿನಲ್ಲಿ ಉಪಾಧ್ಯಾಯಿನಿಯಾದರು. ಬಿ. ವಿ. ಕಾರಂತರ ಕೈಹಿಡಿದು ಸಂಸಾರ ಹೂಡಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾಗಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ 1971ರಲ್ಲಿ ವ್ಯಾಸಂಗ ಮುಗಿಸಿದರು. ‘ಹಯವದನ’ವೇ ಮೊದಲಾಗಿ ನೂರಕ್ಕೂ ಮಿಗಿಲಾದ ನಾಟಕಗಳ ಪಾತ್ರಗಳಿಗೆ ಉಡಿಸಿ ತೊಡಿಸಿದ ಕೈ ಅವರದು. ತ. ರಾ. ಸು. ಅವರ ಕಾದಂಬರಿಯನ್ನಾಧರಿಸಿ ಜಿ. ವಿ. ಅಯ್ಯರ್ ಅವರು 1975ರಲ್ಲಿ ತೆರೆಗೆ ತಂದ ‘ಹಂಸಗೀತೆ’ಗೂ ವಸ್ತ್ರವಿನ್ಯಾಸ ಅವರದೇ. ಅದು ನಮ್ಮ ಚಿತ್ರದುರ್ಗದ ಹಿಂದಿನ ಕಾಲದ ಸಂಗೀತಗಾರನೊಬ್ಬನ ಕಥೆ. ಅಂತಹ ಕಥೆಯಲ್ಲಿ ಅರಸನ ಪೇಟವಾಗಲಿ ಬಡವನ ಪಂಚೆಯಾಗಲಿ ಬರಿಯ ಅಲಂಕಾರವಲ್ಲ. ಪಾತ್ರವು ಬಾಯಿ ತೆರೆಯುವ ಮೊದಲೇ ಅದರ ಕಾಲವನ್ನೂ ಸ್ಥಿತಿಯನ್ನೂ ಬಟ್ಟೆಯೇ ನುಡಿಯಬೇಕು.

ಮುಂದೆ 1983ರಲ್ಲಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಪ್ರೇಮಾ ಅವರೇ ನಿರ್ದೇಶಿಸಿದರು. ಬಾಲವಿಧವೆಯ ಆ ಕಥೆಯನ್ನು ಬಲ್ಲವರಿಗೆ, ಹೆಣ್ಣೊಬ್ಬಳ ಕೂದಲನ್ನೂ ಬಳೆಯನ್ನೂ ಬಣ್ಣದ ಸೀರೆಯನ್ನೂ ಕಸಿದುಕೊಂಡರೆ ಏನೇನನ್ನು ಕಸಿದಂತಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಕೆ 2007ರಲ್ಲಿ ತೀರಿಕೊಂಡರು.

ಫಣಿಯಮ್ಮನ ಮಾತು ಬಂದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಕೈನೀಡಿ ಪುಸ್ತಕವನ್ನು ತೆಗೆದುಕೊಂಡು, ಕಚ್ಚೆ ಸೀರೆಯ ಚಿತ್ರವೊಂದರ ಮೇಲೆ ಬೆರಳಿಟ್ಟು, “ಈ ನಿರಿಗೆ ಹೀಗಲ್ಲ ಮಗೂ. ನಮ್ಮತ್ತೆ ಉಡುತ್ತಿದ್ದ ರೀತಿಯೇ ಬೇರೆ. ಮನೆಗೆ ಬಾ, ಉಟ್ಟು ತೋರಿಸುತ್ತೇನೆ” ಎಂದರು.

ಕೊಳದಿಂದ ನಮಗೆ ಅಂದು ಏನೂ ತೇಲಿಬರಲಿಲ್ಲ. ಆದರೂ ಬರಿಗೈಯಲ್ಲಿ ಹಿಂದಿರುಗಿದೆವೆಂದು ನಮಗಾರಿಗೂ ಅನ್ನಿಸಲಿಲ್ಲ.