ಲೆಕ್ಕ ಕೇಳುವ ಸಂಕೋಚ

ಮಾಂಬಳ್ಳಿಯಂತಹ ಊರುಗಳಲ್ಲಿ ಜಾತ್ರೆಯ ಚಂದಾಹಣವನ್ನು ಇಟ್ಟುಕೊಂಡವನನ್ನು ಲೆಕ್ಕ ಕೇಳುವುದು ಸುಲಭವಾದ ಕಾರ್ಯವಲ್ಲ. ಆತನು ನೆಂಟನೋ ನೆರೆಯವನೋ ಆಗಿರುತ್ತಾನೆ, “ನನ್ನಲ್ಲಿ ವಿಶ್ವಾಸವಿಲ್ಲವೆ?” ಎಂದು ಆತನು ನುಡಿದರೆ, ಕೇಳಿದವನೇ ತಲೆತಗ್ಗಿಸಬೇಕಾಗುವುದು. ‘ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ’ ಎಂಬ ಗಾದೆಗೆ ಈ ದಾಕ್ಷಿಣ್ಯವೂ ಒಂದು ಕಾರಣವಾಗಿದ್ದೀತು.

ಈ ಗ್ರಾಮವಿರುವ ಯಳಂದೂರು ಸೀಮೆಯು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತುದು. ಲೆಕ್ಕಪತ್ರದ ನೈಪುಣ್ಯದಿಂದಲೇ ಉನ್ನತಪದವಿಗೇರಿದವರು ಅವರು. ಅಂದು ಲೆಕ್ಕವನ್ನೊಪ್ಪಿಸಬೇಕಾಗಿದ್ದುದು ಅರಸನಿಗೆ. ಇಂದು ಪ್ರಜೆಗಳೇ ಒಡೆಯರು. ಆದರೆ ಒಡೆಯರು ಸಹಸ್ರಾರು ಮಂದಿಯಾದಾಗ, ಮತ್ತೊಬ್ಬನು ನೋಡಿಕೊಳ್ಳುವನೆಂದು ಪ್ರತಿಯೊಬ್ಬನೂ ಸುಮ್ಮನಾಗುತ್ತಾನೆ. ಹಳ್ಳಿಯಲ್ಲಿ ದಾಕ್ಷಿಣ್ಯವು ಮಾಡುವ ಕೆಲಸವನ್ನು ನಗರದಲ್ಲಿ ಔದಾಸೀನ್ಯವು ಮಾಡುತ್ತದೆ.

ಇವೆರಡಕ್ಕೂ ಪರಿಹಾರವೆಂದರೆ ಹೊರಗಿನ ಪರಿಶೋಧಕನು. ಆತನು ಯಾರ ನೆಂಟನೂ ಅಲ್ಲ. ಕೇಳುವುದೇ ಆತನ ಧರ್ಮ. ಸಂವಿಧಾನದ 148ನೆಯ ವಿಧಿಯು ಮಹಾಲೇಖಪಾಲರನ್ನು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಂತೆಯೇ ಸುಲಭವಾಗಿ ತೆಗೆದುಹಾಕಲಾಗದ ಸ್ಥಾನದಲ್ಲಿರಿಸಿದೆ. ಪುರಸಭೆ ನಗರಸಭೆಗಳ ಲೆಕ್ಕಪರಿಶೋಧನೆಯನ್ನಾದರೋ, 1992ರ 74ನೆಯ ತಿದ್ದುಪಡಿಯಿಂದ ಬಂದ 243-ಝಡ್ ವಿಧಿಯು ರಾಜ್ಯದ ಶಾಸನಸಭೆಗೆ ಬಿಟ್ಟಿತು. ಕರ್ನಾಟಕದಲ್ಲಿ ಆ ಕಾರ್ಯವನ್ನು ನಡೆಸುವುದು ರಾಜ್ಯ ಸರ್ಕಾರದ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ. ನಗರಸಭೆಗೆ ಇದು ಹೊರಗಿನದೇ ಸರಿ. ಆದರೆ ಅನುದಾನವನ್ನೀಯುವ ಸರ್ಕಾರಕ್ಕೆ ಒಳಗಿನದು. ಈ ಅರ್ಧಸ್ವಾತಂತ್ರ್ಯವನ್ನು ವಿಚಾರಪರರು ಮರೆಯಬಾರದು.

ಪರಿಶೋಧಕನೊಬ್ಬನಿಂದಲೇ ಎಲ್ಲವೂ ಆಗದು. ರಸೀತಿಯಿದೆಯೇ, ಮಂಜೂರಾತಿಯಿದೆಯೇ ಎಂಬುದನ್ನು ಆತನು ಬಲ್ಲನು. ಚರಂಡಿಯಲ್ಲಿ ನೀರು ಹರಿಯುವುದೇ ಎಂಬುದನ್ನು ಬೀದಿಯವರು ಬಲ್ಲರು. 2002ರಲ್ಲಿ ಬೆಂಗಳೂರಿನ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್, ಅಕ್ಷರ ಪ್ರತಿಷ್ಠಾನ, ವಾಯ್ಸಸ್ ಎಂಬ ನಾಲ್ಕು ಸಂಸ್ಥೆಗಳು ‘ಪ್ರೂಫ್’ ಎಂಬ ಆಂದೋಲನವನ್ನಾರಂಭಿಸಿ, ಅಂದಿನ ಮಹಾನಗರ ಪಾಲಿಕೆಯ ಜಮಾಖರ್ಚನ್ನು ಮೂರು ತಿಂಗಳಿಗೊಮ್ಮೆ ಪೌರರ ಮುಂದಿಡುವಂತೆ ಪ್ರಯತ್ನಿಸಿದುವು. ಆಯವ್ಯಯದ ಅಂದಾಜೇನು, ನಡೆದುದೇನು ಎಂಬುದನ್ನು ತೆರಿಗೆ ಕೊಟ್ಟವರು ಸಭೆಯಲ್ಲಿ ಕುಳಿತು ಚರ್ಚಿಸಿದರು. ಗ್ರಾಮಪಂಚಾಯತಿಗಳ ಜಮಾಬಂದಿಯ ಉದ್ದೇಶವೂ ಇದೇ.

ಲೆಕ್ಕ ಕೇಳುವುದು ಅವಿಶ್ವಾಸವೆಂಬ ಭಾವನೆಯು ತೊಲಗಬೇಕು. ಕೇಳುವವರಿಲ್ಲದೆಡೆಯಲ್ಲಿ ಪ್ರಾಮಾಣಿಕನಿಗೂ ಕಳ್ಳನಿಗೂ ಒಂದೇ ಹೆಸರು. ಪುಸ್ತಕವನ್ನು ತೆರೆದು ತೋರಿಸಿದಾಗ ಮೊದಲು ಬಿಡುಗಡೆಯಾಗುವುದು ಪ್ರಾಮಾಣಿಕನ ಮೇಲಿನ ಸಂಶಯ.