ಹಡಗಿನಲ್ಲಿ ಕೋಣೆ ಹಿಡಿಯುವ ಮುಂಚೆ ಒಂದು ಮಾತು

ಕ್ರೂಸ್ ಹಡಗು ಎಂದರೆ ದುಡ್ಡಿದ್ದವರ ಸಂಗತಿ, ನಮಗೇಕೆ ಎಂದು ಹಳ್ಳಿಯ ನಾವು ಬಹಳ ಕಾಲ ಸುಮ್ಮನಿದ್ದೆವು. ಈಗ ಹಾಗೆ ಹೇಳಿ ಮುಗಿಸುವಂತಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಹೊರಡಲು ಶುರುವಾದ ಮೇಲೆ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹಡಗಿನಲ್ಲಿ ಹೋಗಿಬಂದವರು ನಮ್ಮ ತಾಲೂಕಿನಲ್ಲೂ ಸಿಗುತ್ತಾರೆ. ನಿವೃತ್ತರಾದ ಮೇಷ್ಟ್ರು, ಮಗಳ ಮದುವೆ ಮುಗಿಸಿ ಉಸಿರು ಬಿಟ್ಟವರು, ಚೀಟಿ ಎತ್ತಿದವರು ವಿಚಾರಿಸುತ್ತಾರೆ. ನಾನು ಪೇಪರಿಗೆ ಊರಿನ ಸುದ್ದಿ ಕಳಿಸುವವ. ಪೇಪರಿನವನಿಗೆ ರೇಷನ್ ಕಾರ್ಡಿನಿಂದ ಹಿಡಿದು ಹಡಗಿನ ಟಿಕೆಟ್‌ವರೆಗೆ ಎಲ್ಲಾ ಗೊತ್ತಿರಬೇಕು ಎಂಬುದು ನಮ್ಮ ಕಡೆಯ ನಂಬಿಕೆ.

ಹಡಗಿನ ವಿಷಯ ನನಗೆ ಸ್ವಲ್ಪ ಗೊತ್ತಾಗಿದ್ದು ಮನೆಯ ಕಾರಣಕ್ಕೆ.

ಅಪ್ಪ ತದಡಿ ಬಂದರಿನಿಂದ ಸುಮಾರು 40 ವರ್ಷ ಮೀನಿಗೆ ಹೋದವರು. ಅಮ್ಮ ಅಷ್ಟೇ ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಬಂಗಡೆ, ಸಿಗಡಿ ಮಾರಿದವಳು. ಸಮುದ್ರದ ಅನ್ನ ಉಂಡವಳು ಒಂದು ದಿನವೂ ಸಮುದ್ರದೊಳಗೆ ಹೋಗಿಲ್ಲ. ನಮ್ಮಲ್ಲಿ ಹೆಂಗಸರು ಬೋಟು ಹತ್ತುವುದಿಲ್ಲ. ಅಪ್ಪನ ಮೊಣಕಾಲು ಸೋತು ಬೋಟು ಬಿಟ್ಟ ಮೇಲೆ ಅವಳು ಒಮ್ಮೆ ಅಂದಳು: “ಇವ್ರು ಅಷ್ಟು ವರ್ಷ ರಾತ್ರಿಯೆಲ್ಲಾ ಎಂತ ನೋಡ್ತಾ ಇದ್ರು ಅಂತ ನಂಗೂ ಒಂದ್ಸಲ ನೋಡ್ಬೇಕು ತಮ್ಮಾ.”

ಅಕ್ಕ ಮತ್ತು ನಾನು ದುಡ್ಡು ಕೂಡಿಸಿದೆವು. ಮುಂಬೈ–ಗೋವಾ–ಮುಂಬೈ, ಎರಡು ರಾತ್ರಿ. ಏಜೆಂಟ್ ಒಬ್ಬರಿಗೆ ಫೋನ್ ಮಾಡಿದರೆ ಎರಡೇ ನಿಮಿಷದಲ್ಲಿ ತೀರ್ಮಾನ ಹೇಳಿಬಿಟ್ಟರು: “ಮೂರು ಜನ ಅಲ್ವಾ ಸಾರ್, ಇನ್‌ಸೈಡ್ ಕ್ಯಾಬಿನ್ ಹಾಕ್ತೀನಿ. ಮಲಗೋಕಷ್ಟೇ ತಾನೆ, ಕಿಟಕಿ ಯಾಕೆ?”

ಹೌದಲ್ಲ ಎಂದು ನನಗೂ ಅನಿಸಿತು. ಆದರೆ ಅಕ್ಕನ ಗಂಡ, ನಮ್ಮ ಭಾವ, ವಿದೇಶಿ ಹಡಗಿನಲ್ಲಿ ಕೋಣೆಗಳನ್ನು ಸ್ವಚ್ಛ ಮಾಡುವ ಕೆಲಸದಲ್ಲಿದ್ದಾರೆ. ಹಡಗು ಬಂದರಿಗೆ ಬಂದಾಗ ವಾಟ್ಸಾಪ್‌ನಲ್ಲಿ ಸಿಗುತ್ತಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಮಲಗೋದು ಯಾರು?” ದರ ಎಷ್ಟು, ಆಫರ್ ಏನು ಎಂಬುದೆಲ್ಲ ಆಮೇಲೆ. ಮಲಗುವವರ ಮೈ ಎಂಥದ್ದು, ಅವರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ, ಇದನ್ನು ಮೊದಲು ಹೇಳು ಅಂದರು.

ಹಡಗಿನ ಕೋಣೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಹಡಗಿನ ಹೊಟ್ಟೆಯೊಳಗಿರುವ, ಕಿಟಕಿಯೇ ಇಲ್ಲದ ಒಳಕೋಣೆ. ಹೊರಗೋಡೆಗೆ ಅಂಟಿಕೊಂಡ, ಗಾಜು ಇರುವ ಕಿಟಕಿ ಕೋಣೆ. ಈ ಗಾಜನ್ನು ತೆಗೆಯಲು ಬರುವುದಿಲ್ಲ, ನೋಡಲು ಮಾತ್ರ. ಹೊರಗೆ ಕುರ್ಚಿ ಹಾಕಿ ಕೂರುವ ಬಾಲ್ಕನಿ ಕೋಣೆ. ಕೊನೆಗೆ, ದೊಡ್ಡ ಮನೆಯಂಥ ಸ್ವೀಟ್. ಮುಂಬೈಯಿಂದ ಹೊರಡುವ ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕಡಿಮೆ. ಹಾಗಾಗಿ ನಮ್ಮಂಥವರ ಮುಂದಿರುವ ಲೆಕ್ಕ ಬಹುಪಾಲು ಒಳಕೋಣೆಯೋ, ಕಿಟಕಿ ಕೋಣೆಯೋ ಎಂಬುದೇ. ವಿದೇಶದ ಹೊಸ ದೊಡ್ಡ ಹಡಗುಗಳಲ್ಲಿ ಬಾಲ್ಕನಿ ಎಂದು ಕಾಸು ಕೊಟ್ಟರೂ ಸಮುದ್ರ ಕಾಣಬೇಕೆಂದಿಲ್ಲ. 2009ರ ‘ಓಯಸಿಸ್ ಆಫ್ ದಿ ಸೀಸ್’ ಹಡಗಿನಲ್ಲಿ ಕೆಲವು ಬಾಲ್ಕನಿಗಳು ಹಡಗಿನ ನಡುವೆ ಬೆಳೆಸಿದ ತೋಟದ ಕಡೆ ಮುಖ ಮಾಡಿವೆ.

ಬಗೆ ಗೊತ್ತಾದ ಮೇಲೆ ಜಾಗ. ಇಲ್ಲಿ ಮಾತ್ರ ಭಾವ ಬಾಯಿ ತೆರೆಯುವ ಮುಂಚೆ ಅಪ್ಪನೇ ಹೇಳಿದರು: “ನಡು ನೋಡು. ಹೊಸ ಹುಡುಗ್ರನ್ನ ನಾವು ಬೋಟಿನ ಮೂತಿ ಕಡೆ ಮಲಗಿಸ್ತಿರಲಿಲ್ಲ, ಕಕ್ಕಿ ಕಕ್ಕಿ ಸಾಯ್ತಾವೆ.”

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಂಡಿ ಒಂದೇ, ನಡುವೆ ಕೂತವನಿಗೆ ಸಣ್ಣ ಕುಲುಕು, ಹಿಂದೆ ಕೂತವನ ತಲೆ ಸೂರಿಗೆ ಬಡಿಯುತ್ತದೆ. ಹಡಗೂ ಹಾಗೆಯೇ. ಅಲೆ ಬಂದಾಗ ಮೂತಿ ಮೇಲೇಳುತ್ತದೆ, ಹಿಂಭಾಗ ಇಳಿಯುತ್ತದೆ, ನಡುಭಾಗ ಕಡಿಮೆ ಅಲುಗುತ್ತದೆ. ಅಕ್ಕಪಕ್ಕ ತೊನೆಯುವಾಗ ಎತ್ತರದ ಅಂತಸ್ತಿಗೆ ತೊನೆತ ಹೆಚ್ಚು, ಕೆಳಗಿನದಕ್ಕೆ ಕಡಿಮೆ. ದೊಡ್ಡ ಹಡಗುಗಳಿಗೆ ನೀರಿನೊಳಗೆ ಮೀನಿನ ರೆಕ್ಕೆಯಂಥ ಸಾಧನ ಇರುತ್ತದೆ. ಅದು ಅಕ್ಕಪಕ್ಕದ ತೊನೆತವನ್ನು ತಗ್ಗಿಸುತ್ತದೆ, ಮೂತಿ ಎದ್ದು ಬೀಳುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಆದ್ದರಿಂದ ಹೊಟ್ಟೆ ತೊಳಸುವವರಿಗೆ ನಡುವಿನ, ಕೆಳಗಿನ ಅಂತಸ್ತಿನ ಕೋಣೆ ಒಳ್ಳೆಯದು. ವಿಚಿತ್ರ ನೋಡಿ, ಮೇಲಿನ ಅಂತಸ್ತಿಗೇ ಸಾಮಾನ್ಯವಾಗಿ ದರ ಜಾಸ್ತಿ. ಜಾಸ್ತಿ ಕೊಟ್ಟು ಜಾಸ್ತಿ ತೊನೆಸಿಕೊಳ್ಳುವವರೂ ಇದ್ದಾರೆ.

ಇದು ಹಿಂದಿನವರಿಗೂ ಗೊತ್ತಿತ್ತು. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಮೊದಲ ದರ್ಜೆಯವರಿಗೆ ಕೊಟ್ಟಿದ್ದು ಹಡಗಿನ ನಡುಭಾಗ. ಮೂರನೇ ದರ್ಜೆಯ ಬಡವರನ್ನು ಎರಡು ತುದಿಗಳಿಗೆ ಹಂಚಿದ್ದರು, ಒಂಟಿ ಗಂಡಸರನ್ನು ಮೂತಿಯ ಕಡೆ, ಕುಟುಂಬಗಳನ್ನು ಹಿಂಭಾಗಕ್ಕೆ. ಮುಳುಗಿದ ರಾತ್ರಿ ಮೊದಲ ದರ್ಜೆಯವರಲ್ಲಿ ಸುಮಾರು ಶೇ 60ರಷ್ಟು ಜನ ಬದುಕಿದರು, ಮೂರನೇ ದರ್ಜೆಯವರಲ್ಲಿ ಸುಮಾರು ಶೇ 25. ಪಾರುದೋಣಿಗಳಿದ್ದ ಮೇಲಂತಸ್ತಿಗೆ ಅವರ ಕೋಣೆಗಳಿಂದ ದಾರಿ ದೂರ, ಸುತ್ತುಬಳಸು. ಈಗ ಎಲ್ಲರಿಗೂ ಸಾಕಾಗುವಷ್ಟು ಪಾರುದೋಣಿ ಇರಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ ಇದೆ. 2012ರಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದ ಮೇಲೆ, ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಪ್ರಯಾಣಿಕರಿಗೆ ತಾಲೀಮು ಆಗಬೇಕು ಎಂದಾಯಿತು. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ಸೇರಬೇಕೆಂದು ಅಲ್ಲಿ ತೋರಿಸುತ್ತಾರೆ. ನಿಮ್ಮ ಕೋಣೆಯಿಂದ ಆ ಜಾಗಕ್ಕೆ ಒಮ್ಮೆ ನಡೆದು ನೋಡಿ.

ಮೂರನೆಯದು ನೆರೆಹೊರೆ. ಹಡಗಿನ ಅಂತಸ್ತುಗಳ ನಕ್ಷೆ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮ ಕೋಣೆಯ ನೇರ ಮೇಲೆ ಏನಿದೆ, ಕೆಳಗೆ ಏನಿದೆ ನೋಡಬೇಕು. ಮೇಲೆ ಈಜುಕೊಳ ಇದ್ದರೆ ಬೆಳಗಾಗುವ ಮುಂಚೆಯೇ ಕುರ್ಚಿ ಎಳೆಯುವ ಸದ್ದು. ಅಡುಗೆಮನೆ ಇದ್ದರೆ ಗಾಡಿ ಉರುಳುವ ಸದ್ದು. ಕೆಳಗೆ ಡಿಸ್ಕೊ ಇದ್ದರೆ ಹಾಸಿಗೆಯೇ ಕುಣಿಯುತ್ತದೆ. ತೀರಾ ಮೂತಿಯಲ್ಲಿದ್ದರೆ ಲಂಗರು ಇಳಿಸುವ ಗಲಾಟೆ, ತೀರಾ ಹಿಂದಿದ್ದರೆ ಎಂಜಿನ್ ಮತ್ತು ಪ್ರೊಪೆಲರಿನ ಅದುರು. ಮೇಲೂ ಕೋಣೆ, ಕೆಳಗೂ ಕೋಣೆ ಇದ್ದರೆ ನೆಮ್ಮದಿ. ಎರಡು ಕೋಣೆಗಳ ನಡುವೆ ಒಳಬಾಗಿಲು ಇದ್ದರೆ ಪಕ್ಕದವರ ಮಾತೆಲ್ಲ ನಿಮ್ಮ ಕಿವಿಗೆ.

ಲಿಫ್ಟಿನ ಹತ್ತಿರ ಕೋಣೆ ಬೇಡ, ಓಡಾಟದ ಸದ್ದು ಎಂದು ಹಲವರು ಹೇಳುತ್ತಾರೆ. ಅಪ್ಪನ ಮೊಣಕಾಲಿಗೆ ಅದೇ ಬೇಕಿತ್ತು. 200 ಮೀಟರ್‌ಗೂ ಉದ್ದದ ಹಡಗು ಅದು. ಊಟಕ್ಕೆ ಹೋಗಿಬರುವುದೇ ಒಂದು ನಡಿಗೆ. ಲಿಫ್ಟಿಗೆ ಎದುರಿಗಲ್ಲ, ನಾಲ್ಕೈದು ಬಾಗಿಲು ಆಚೆ ಎಂದು ಕೇಳಿದೆ.

ನಾಲ್ಕನೆಯದು ಮೂರನೇ ಹಾಸಿಗೆ. ಏಜೆಂಟ್ ಹೇಳಿದ ‘ಮೂವರಿಗೆ ಕೋಣೆ’ ಎಂದರೆ ಮೂರು ಮಂಚ ಅಲ್ಲ. ಮೂರನೆಯದು ಗೋಡೆಯಿಂದಲೋ ಸೂರಿನಿಂದಲೋ ಇಳಿಸುವ ತೊಟ್ಟಿಲಿನಂಥ ಹಾಸಿಗೆ, ಏಣಿ ಹತ್ತಿ ಮಲಗಬೇಕು. ರೈಲಿನ ಅಪ್ಪರ್ ಬರ್ತ್ ಇದ್ದ ಹಾಗೆ. ಮೂರನೆಯವರಿಗೆ ದರ ಕಡಿಮೆ ಎಂಬುದು ನಿಜ. ಆದರೆ ವಯಸ್ಸಾದ ಮೂವರು ಹೊರಟಿದ್ದರೆ ಹತ್ತುವವರು ಯಾರು ಎಂದು ಟಿಕೆಟ್ಟಿಗೆ ಮುಂಚೆ ಕೇಳಿಕೊಳ್ಳಬೇಕು. ಒಬ್ಬರೇ ಹೊರಟವರಿಗೆ ಇನ್ನೊಂದು ತಾಪತ್ರಯ. ಜಾಹೀರಾತಿನ ದರ ಒಂದು ಕೋಣೆಗೆ ಇಬ್ಬರು ಎಂದು ಹಾಕಿದ ತಲಾ ಲೆಕ್ಕ. ಒಬ್ಬರೇ ಇದ್ದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು ಕೊಡಬೇಕಾಗುತ್ತದೆ.

ನಮ್ಮ ಮನೆಯ ನಿಜವಾದ ತೊಡಕು ಅಮ್ಮನದು. ಅವಳಿಗೆ ಉಬ್ಬಸ. ಚಳಿಗಾಲದಲ್ಲೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗುವವಳಲ್ಲ. ಒಳಕೋಣೆಯಲ್ಲಿ ದೀಪ ಆರಿಸಿದರೆ ನಡುಮಧ್ಯಾಹ್ನವೂ ಅಮಾವಾಸ್ಯೆ. ಗಾಳಿ ಯಂತ್ರದಿಂದ ಬರುತ್ತಲೇ ಇರುತ್ತದೆ, ಉಸಿರಿಗೆ ತೊಂದರೆಯಿಲ್ಲ. ಆದರೆ ಎದ್ದಾಗ ಹೊತ್ತೆಷ್ಟು, ತಾನೆಲ್ಲಿದ್ದೇನೆ ಎಂದು ತಿಳಿಯದೆ ಗಾಬರಿಯಾಗುವವರಿಗೆ ಅದು ಬೇರೆಯೇ ಮಾತು. ಕತ್ತಲಲ್ಲಿ ಚೆನ್ನಾಗಿ ನಿದ್ದೆ ಬರುವವರಿಗೆ, ದಿನವಿಡೀ ಡೆಕ್ ಮೇಲೆಯೇ ಇರುವ ಹುಡುಗರಿಗೆ ಒಳಕೋಣೆಯಷ್ಟು ಲಾಭದ್ದು ಇನ್ನೊಂದಿಲ್ಲ. ಅಮ್ಮನಿಗೆ ಅಲ್ಲ.

ಕಿಟಕಿಯ ಬೆಲೆ ಏನು ಎಂದು ಜಗತ್ತೇ ನೋಡಿದ್ದು 2020ರ ಫೆಬ್ರವರಿಯಲ್ಲಿ. ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೋನಾ ಕಾರಣಕ್ಕೆ ತಡೆದಾಗ ಅದರಲ್ಲಿ ಸುಮಾರು 3,700 ಜನ ಇದ್ದರು. 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು. ಪ್ರಯಾಣಿಕರೆಲ್ಲ ಕೋಣೆಯೊಳಗೇ ಬಂದಿ. ಕಿಟಕಿಯಿಲ್ಲದ ಕೋಣೆಯವರನ್ನು ಸರದಿಯ ಮೇಲೆ ಸ್ವಲ್ಪ ಹೊತ್ತು ಡೆಕ್ಕಿಗೆ ಬಿಟ್ಟು ಗಾಳಿ ಕುಡಿಸಿದರು. ಅಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ. ಅವರು ಬಾಗಿಲು ಬಾಗಿಲಿಗೆ ಊಟ ಹೊತ್ತು, ರಾತ್ರಿ ಹಂಚಿಕೊಂಡ ಕೋಣೆಗಳಿಗೆ ಮರಳಿ ಮಲಗುತ್ತಿದ್ದರು.

ಭಾವ ಮಲಗುವುದೂ ಅಂಥ ಕೋಣೆಯಲ್ಲೇ. ನೀರಿನ ಮಟ್ಟಕ್ಕಿಂತ ಕೆಳಗೆ, ಮೇಲೊಂದು ಕೆಳಗೊಂದು ಬರ್ತ್, ಜೊತೆಗೆ ಇನ್ನೊಬ್ಬ. ಒಪ್ಪಂದ ಮುಗಿಯುವ ತನಕ ತಿಂಗಳುಗಟ್ಟಲೆ ಅದೇ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿತು. ವಿಶ್ರಾಂತಿಗೆ ಲೆಕ್ಕ ಇದೆ, ಕಿಟಕಿಗೆ ಇಲ್ಲ ಎಂದು ಅವರು ನಗುತ್ತಾರೆ. “ನಾನು ಕಿಟಕಿ ಒರೆಸ್ತೇನೆ, ನೋಡೋದಕ್ಕೆ ಪುರುಸೊತ್ತಿಲ್ಲ. ಅತ್ತೆ ನೋಡ್ಲಿ” ಅಂದರು.

ಒಳಕೋಣೆಯಲ್ಲಿ ಮೂವರಿಗೆ ಆಗುವ ದುಡ್ಡಿಗೆ ಕಿಟಕಿ ಕೋಣೆಯಲ್ಲಿ ಇಬ್ಬರು ಹೋಗಬಹುದಿತ್ತು. ಇನ್ನೂ ಸ್ವಲ್ಪ ಸಾಲ ಮಾಡಿದರೆ ನಾನೂ ಹೋಗಬಹುದಿತ್ತು. ಸಾಲ ಎಂದ ಕೂಡಲೇ ಅಮ್ಮ ಹೊರಡುವುದೇ ಇಲ್ಲ ಎಂದಳು. ಹೀಗೆ ಸರಿಯಾದ ಕೋಣೆ ಸಿಕ್ಕಿತು, ಅದರಲ್ಲಿ ನಾನಿರಲಿಲ್ಲ.

ಯಾವ ಬದಿ ಎಂಬುದು ಉಳಿದಿತ್ತು. ಮುಂಬೈಯಿಂದ ದಕ್ಷಿಣಕ್ಕೆ ಬರುವಾಗ ದಡ ಎಡಕ್ಕೆ, ಬಯಲು ಸಮುದ್ರ ಮತ್ತು ಸೂರ್ಯಾಸ್ತ ಬಲಕ್ಕೆ. ಮರಳುವಾಗ ಉಲ್ಟಾ. ಸೂಯೆಜ್ ಕಾಲುವೆ ಮೂಲಕ ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುತ್ತಿದ್ದ ಬ್ರಿಟಿಷರು ಬಿಸಿಲು ತಪ್ಪಿಸಲು ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ ಹಿಡಿಯುತ್ತಿದ್ದರಂತೆ, ‘ಪೋಶ್’ ಎಂಬ ಮಾತು ಅದರಿಂದಲೇ ಹುಟ್ಟಿತು ಎಂದು ಕಥೆ ಹೇಳುತ್ತಾರೆ. ಆ ಕಥೆಗೆ ಪುರಾವೆ ಸಿಕ್ಕಿಲ್ಲ. ಬಿಸಿಲಿನ ಲೆಕ್ಕ ಮಾತ್ರ ಸುಳ್ಳಲ್ಲ. ಯಾವ ಕಡೆ ಎಂದು ಕೇಳಿದಾಗ ಅಪ್ಪ, “ದಡ ಅವಳು ಜೀವಮಾನ ಇಡೀ ನೋಡಿದ್ದಾಳೆ” ಎಂದರು. ಬಲಬದಿ ಹಿಡಿದೆವು. ಹೊರಗೆ ಪಾರುದೋಣಿ ತೂಗಿ ಕಿಟಕಿಗೆ ಅಡ್ಡ ಇದೆಯೇ ಎಂದೂ ಕೇಳಿ ಖಾತ್ರಿ ಮಾಡಿಕೊಂಡೆ. ಅಂಥ ಕೋಣೆಗಳೂ ಇರುತ್ತವೆ, ಕಡಿಮೆ ದರಕ್ಕೆ.

ಅಕ್ಕ ಮತ್ಸ್ಯಗಂಧಾ ರೈಲಿನಲ್ಲಿ ಇಬ್ಬರನ್ನೂ ಮುಂಬೈಗೆ ಕರೆದುಕೊಂಡು ಹೋಗಿ ಹಡಗು ಹತ್ತಿಸಿದಳು. ದಡ ಬಿಟ್ಟ ಮೇಲೆ ನೆಟ್‌ವರ್ಕ್ ಇಲ್ಲ. ಹಡಗಿನ ಸಿಗ್ನಲ್ ಹಿಡಿದರೆ ದುಬಾರಿ ಬಿಲ್ಲು ಬರುತ್ತದೆಂದು ಫೋನನ್ನು ಫ್ಲೈಟ್ ಮೋಡಿಗೆ ಹಾಕಿಸಿದ್ದೆ. ಬೋಟು ಹೊರಟ ರಾತ್ರಿ ಅಮ್ಮ ಜಗಲಿಯ ದೀಪ ಆರಿಸುತ್ತಿರಲಿಲ್ಲ. ಆ ಎರಡು ರಾತ್ರಿ ನಾನೂ ಆರಿಸಲಿಲ್ಲ.

ಬಂದವಳು ಹೇಳಿದ್ದು ಹೆಚ್ಚಿಲ್ಲ. ಮಲಗದೆ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳಂತೆ. ದೂರದಲ್ಲಿ ಮೀನಿನ ಬೋಟುಗಳ ದೀಪ ಕಂಡಾಗಲೆಲ್ಲ ಅಪ್ಪನನ್ನು ಎಬ್ಬಿಸಿ ತೋರಿಸಿದಳಂತೆ. ಅಪ್ಪ ಅದನ್ನೇ ದೂರಿನಂತೆ ಹೇಳಿದರು: “ರಾತ್ರಿ ಪೂರಾ ನಿದ್ದೆ ಮಾಡ್ಲಿಕ್ಕೆ ಬಿಡ್ಲಿಲ್ಲ ಇವ್ಳು.”

ನೀವು ಹೊರಡುವವರಿದ್ದರೆ ಏಜೆಂಟ್ ಹತ್ತಿರ ಇಷ್ಟು ಕೇಳಿ. ಕೋಣೆಯ ನಂಬರ್ ಈಗಲೇ ಕೊಡುತ್ತೀರಾ, ಅಥವಾ ಕಂಪನಿ ಆಮೇಲೆ ಹಂಚುತ್ತದಾ? ‘ಗ್ಯಾರಂಟಿ’ ಎಂಬ ಅಗ್ಗದ ಟಿಕೆಟ್‌ನಲ್ಲಿ ಬಗೆಗೆ ಮಾತ್ರ ಗ್ಯಾರಂಟಿ, ಜಾಗಕ್ಕಲ್ಲ. ಎಷ್ಟನೇ ಅಂತಸ್ತು, ನಡುವೆಯೋ ತುದಿಯೋ? ಮೇಲೆ ಕೆಳಗೆ ಏನಿದೆ? ಕಿಟಕಿಗೆ ಅಡ್ಡ ಏನಾದರೂ ಇದೆಯಾ? ಮೂರನೇ ಹಾಸಿಗೆ ನೆಲದ್ದೋ, ಏಣಿಯದ್ದೋ? ಗಾಲಿಕುರ್ಚಿ ಇದ್ದರೆ ಬಾಗಿಲು ಅಗಲ ಇರುವ ಕೋಣೆ ಸಿಗುತ್ತದಾ? ಅಂಥ ಕೋಣೆಗಳು ಕೆಲವೇ ಇರುತ್ತವೆ, ಬೇಗ ಕೇಳಬೇಕು. ಉತ್ತರ ಬಾಯಿಮಾತಿನಲ್ಲಿ ಬೇಡ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ದಿನ ಗೊತ್ತು ಮಾಡುವಾಗ ನಮ್ಮ ಕರಾವಳಿಯ ಲೆಕ್ಕ ನೆನಪಿರಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಇಲ್ಲಿ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವುದಿಲ್ಲ. ಮೀನು ಮರಿ ಹಾಕಲಿ ಎಂದು ಮಾಡಿದ ನಿಯಮ ಅದು, ಆದರೆ ಅರಬ್ಬೀ ಸಮುದ್ರ ಎಷ್ಟು ಕೆರಳಿರುತ್ತದೆ ಎಂಬುದು ಆ ದಿನಗಳಲ್ಲಿ ದಡದಲ್ಲಿ ನಿಂತರೂ ಗೊತ್ತಾಗುತ್ತದೆ. ಸಮುದ್ರ ತಣ್ಣಗಿರುವ ಡಿಸೆಂಬರ್, ಜನವರಿ, ಫೆಬ್ರವರಿ ನೋಡಿ. ಮನೆಯಲ್ಲಿ ಹೊರಡುವವರನ್ನು ಕೂರಿಸಿಕೊಂಡು, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂಬುದರಿಂದಲೇ ಮಾತು ಶುರು ಮಾಡಿ.