ಕಡಲೊಳಗಣ ಕ್ಯಾಮರ: ಹಳತೋ, ಹೊಸತೋ?

ಈಜನ್ನು ಬಲ್ಲೆವೇ ಹೊರತು ಆಳಕ್ಕೆ ಮುಳುಗುವುದನ್ನು ಕಲಿತವರು ನಾವಲ್ಲ. ಹೀಗಿರುತ್ತ ಸಮುದ್ರದೊಳಗೆ ಚಿತ್ರ ತೆಗೆಯುವ ಕ್ಯಾಮರಗಳ ವಿಷಯದಲ್ಲಿ ನಾವು ಲೇಖನಿ ಹಿಡಿಯುವುದು ಅನಧಿಕಾರಚೇಷ್ಟೆಯೆಂದು ವಾಚಕರಿಗೆ ತೋರಬಹುದು. ಅಧಿಕಾರವೇನೋ ಇಲ್ಲ, ಆದರೆ ಈ ವಿಷಯದಲ್ಲಿ ಒಂದು ತಪ್ಪು ಮಾಡಿ ಅದರ ದಂಡವನ್ನು ತೆತ್ತಿರುವೆವಾದುದರಿಂದ ಹೇಳುವುದಕ್ಕೆ ಸ್ವಲ್ಪ ಉಂಟು.

ನಮ್ಮ ತಮ್ಮನು ಸರಕು ಹಡಗಿನಲ್ಲಿ ಇಂಜಿನಿಯರನಾಗಿದ್ದನು. 1987ರಲ್ಲಿ ಊರಿಗೆ ಬರುವಾಗ ಸಿಂಗಪುರದಿಂದ ನಿಕೊನೋಸ್-5 ಎಂಬ ಕಿತ್ತಳೆ ಬಣ್ಣದ ಕ್ಯಾಮರವೊಂದನ್ನು ತಂದನು. ಈ ಯಂತ್ರಕ್ಕೆ ಒಳ್ಳೆಯ ವಂಶಾವಳಿಯೇ ಇದೆ. 1893ರಲ್ಲಿ ಲೂಯಿ ಬೂತಾನ್ ಎಂಬ ಪಂಡಿತನು ಫ್ರಾನ್ಸಿನ ಬಾನ್ಯುಲ್ಸ್ ಎಂಬಲ್ಲಿ ಸಮುದ್ರದೊಳಗೆ ಚಿತ್ರ ತೆಗೆದಾಗ ಕ್ಯಾಮರವನ್ನು ದೊಡ್ಡದೊಂದು ಪೆಟ್ಟಿಗೆಯಲ್ಲಿಟ್ಟು ಇಳಿಸಬೇಕಾಗಿದ್ದಿತು. 1960ರ ಸುಮಾರಿಗೆ ಕೂಸ್ಟೋ ಎಂಬ ಪ್ರಸಿದ್ಧ ಕಡಲನ್ವೇಷಕನ ಪ್ರೇರಣೆಯಿಂದ ಬೆಲ್ಜಿಯಮಿನ ಜಾನ್ ದ ವೂಟರ್ಸ್ ಎಂಬವನು ಪೆಟ್ಟಿಗೆಯೇ ಬೇಡದ ಕ್ಯಾಮರವನ್ನು ರಚಿಸಿದನು. 1963ರಲ್ಲಿ ಜಪಾನಿನ ನಿಕಾನ್ ಸಂಸ್ಥೆಯವರು ಅದನ್ನು ನಿಕೊನೋಸ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ಉಳಿದ ಕ್ಯಾಮರಗಳು ಯುದ್ಧಕ್ಕೆ ಹೊರಡುವಾಗ ಕವಚ ತೊಡುವ ಸಾಮಾನ್ಯ ವೀರರಾದರೆ ಇದು ಕರ್ಣನಂತೆ ಸಹಜಕವಚದೊಡನೆ ಹುಟ್ಟಿದ್ದು. ನಮ್ಮ ತಮ್ಮನದು 50 ಮೀಟರಿನ ಆಳವನ್ನು ತಾಳುವಂಥದು.

2012ರಲ್ಲಿ ತಮ್ಮನು ತೀರಿಕೊಂಡನು. ಕ್ಯಾಮರ ನಮ್ಮ ಗಾಜಿನ ಬೀರುವಿನಲ್ಲಿ ಉಳಿಯಿತು.

ಅವನ ಮಗಳು ಈಗ ಕಾರವಾರದಲ್ಲಿ ಸಮುದ್ರಜೀವಶಾಸ್ತ್ರವನ್ನು ಓದುತ್ತಿದ್ದಾಳೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಹವಳಗಳ ಚಿತ್ರಗಳನ್ನು ತೆಗೆದು, ಮುಂದಿನ ವರ್ಷವೂ ಅವೇ ಹವಳಗಳನ್ನು ಗುರುತಿಸಿ ಹೋಲಿಸಿ ನೋಡಬೇಕೆಂಬುದು ಅವಳ ಸಂಕಲ್ಪ. “ದೊಡ್ಡಪ್ಪ, ಒಂದು ಕ್ಯಾಮರಕ್ಕೆ ಸಹಾಯ ಮಾಡುತ್ತೀರಾ?” ಎಂದು ಕೇಳಿದಳು. ನಾವು ಎದ್ದು ಹೋಗಿ ಬೀರುವಿನ ಬಾಗಿಲು ತೆರೆದೆವು. ಅದರಲ್ಲಿ ವಾತ್ಸಲ್ಯವೆಷ್ಟು, ಜುಗ್ಗತನವೆಷ್ಟು ಎಂಬುದನ್ನು ಈಗ ವಿಭಾಗಿಸಿ ಹೇಳಲಾರೆವು. ಅಪ್ಪನ ವಸ್ತುವನ್ನು ಬೇಡವೆನ್ನಲಾರದೆ ಹುಡುಗಿ ಮರುಮಾತಿಲ್ಲದೆ ತೆಗೆದುಕೊಂಡಳು.

ಮೊದಲ ಸುರುಳಿಯ 36 ಚಿತ್ರಗಳು ತೊಳೆಯಿಸಿಕೊಂಡು ಬರುವುದಕ್ಕೆ ಮೂರು ವಾರ ಹಿಡಿಯಿತು. ಅವುಗಳಲ್ಲಿ ನಾಲ್ಕು ಚೆನ್ನಾಗಿದ್ದುವು. ಉಳಿದವು ಬರಿಯ ನೀಲಿ, ಇಲ್ಲವೆ ಮಸುಕು. ಇದಕ್ಕೆ ಅವಳ ಅಜಾಗ್ರತೆಯೇ ಕಾರಣವೆಂದು ನಾವು ಗೊಣಗಿದೆವು. ಅವಳು ಕಾಗದದ ಮೇಲೆ ರೇಖೆಗಳನ್ನೆಳೆದು ವಿವರಿಸಿದಳು. ನೀರು ಬೆಳಕಿನಲ್ಲಿರುವ ಕೆಂಪನ್ನು ಮೊದಲು ನುಂಗುತ್ತದೆ. ಐದಾರು ಮೀಟರು ಇಳಿಯುವಷ್ಟರಲ್ಲಿ ಕೆಂಪು ಬಹುಮಟ್ಟಿಗೆ ಅಡಗಿ, ಕೆಂಪು ಹವಳವೂ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ದೀಪವನ್ನೊಯ್ದರೆ ಮಾತ್ರ ಬಣ್ಣ ಮರಳುವುದು. ಇನ್ನು ವಕ್ರೀಭವನ: ಮುಳುಗುವವರ ಕನ್ನಡಿಯೊಳಗಿಂದ ನಾಲ್ಕು ಅಡಿ ದೂರದ ವಸ್ತು ಮೂರೇ ಅಡಿ ದೂರದಲ್ಲಿರುವಂತೆ ಕಾಣುತ್ತದೆ. ಈ ಹಳೆಯ ಕ್ಯಾಮರದಲ್ಲಿ ಮಸೂರದ ಮೂಲಕ ನೋಡುವಂತಿಲ್ಲ. ದೂರವನ್ನು ಕಣ್ಣಳತೆಯಿಂದ ಊಹಿಸಿ ಗುಂಡಿ ತಿರುಗಿಸಬೇಕು. ಅದರ ಸಾಮಾನ್ಯ ಮಸೂರವು ಎರಡೂವರೆ ಅಡಿಗಿಂತ ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯದು. ಅವಳು ನೋಡಬೇಕಾದುದೋ ಸಾಸಿವೆ ಗಾತ್ರದ ಹವಳದ ಹುಳುಗಳನ್ನು! ತಪ್ಪಾಯಿತೆಂಬುದು ತಿಳಿಯುವುದು ಮೂರು ವಾರಗಳ ಮೇಲೆ. ನೀರಿನಡಿಯಲ್ಲಿ ಸುರುಳಿ ಬದಲಿಸುವಂತೆಯೂ ಇಲ್ಲ.

ಇಷ್ಟೆಲ್ಲ ಕೇಳಿಯೂ “ಇನ್ನೊಂದು ಸಲ ನೋಡು” ಎಂದೆವು. ಎರಡನೆಯ ಸಲ ನಾವೂ ಮುರ್ಡೇಶ್ವರದವರೆಗೆ ಹೋದೆವು. ಈ ಯಂತ್ರದ ಪ್ರಾಣವೆಲ್ಲ ಅದರ ಬಾಗಿಲಿನ ಸುತ್ತಲಿರುವ ತೆಳ್ಳನೆಯ ರಬ್ಬರಿನ ಉಂಗುರದಲ್ಲಿದೆ. ಅದಕ್ಕೆ ಸಿಲಿಕೋನ್ ಜಿಡ್ಡನ್ನು ತೆಳ್ಳಗೆ ಸವರಿ, ಕೂಸಿನ ಕಿವಿಯನ್ನು ಒರೆಸುವಂತೆ ಗಾಡಿಯನ್ನು ಒರೆಸಿ ಮುಚ್ಚಬೇಕು. ತಮ್ಮನು ಹಾಗೆ ಮಾಡುತ್ತಿದ್ದುದನ್ನು ಕಂಡಿದ್ದೆವಾದುದರಿಂದ ಆ ಕೆಲಸವನ್ನು ನಾವೇ ಮಾಡುವೆವೆಂದು ಹಠ ಹಿಡಿದೆವು. ಒರೆಸಿದ್ದು ನಮ್ಮ ಶಲ್ಯದ ಸೆರಗಿನಿಂದ. ಒಂದು ಎಳೆ ನೂಲು ಉಂಗುರದ ಕೆಳಗೆ ಸಿಕ್ಕಿಕೊಂಡಿದ್ದಿತು. ಕೂದಲೆಳೆಯಷ್ಟು ದಾರಿ ಸಿಕ್ಕಿದರೆ ಕಡಲಿಗೆ ಸಾಕು. ಹುಡುಗಿ ದೋಣಿಯಿಂದಿಳಿದು ಬಂದಾಗ ಕ್ಯಾಮರದ ಒಳಗೆ ಉಪ್ಪುನೀರು ತುಳುಕುತ್ತಿದ್ದಿತು. ಸಿಹಿನೀರಿನಲ್ಲಿ ಎಷ್ಟು ತೊಳೆದರೂ ಅದರ ವಿದ್ಯುತ್ತಿನ ಭಾಗಗಳು ಚೇತರಿಸಿಕೊಳ್ಳಲಿಲ್ಲ. ಈ ಕ್ಯಾಮರಗಳ ತಯಾರಿಕೆ 2001ರಲ್ಲಿಯೇ ನಿಂತುಹೋಗಿದೆ. ಅವಳು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿದ್ದಿತು.

ಪ್ರಾಯಶ್ಚಿತ್ತಕ್ಕೆಂದು ನಿವೃತ್ತಿಯ ಹಣದಿಂದ ಎಲ್ಲಕ್ಕಿಂತ ಹೊಸ ಕ್ಯಾಮರವನ್ನೇ ಕೊಡಿಸುವೆವೆಂದು ಹೊರಟೆವು. ತಡೆದವಳು ಅವಳೇ. ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಹಳತು ಹೊಸತುಗಳನ್ನು ಕುರಿತು ಬರುವ ಶ್ಲೋಕವನ್ನು ನಾವು ಮೂವತ್ತು ವರ್ಷ ತರಗತಿಯಲ್ಲಿ ವ್ಯಾಖ್ಯಾನಿಸಿದವರು. ಅದರ ಅರ್ಥವನ್ನು ಅಂದು ಈ ಹುಡುಗಿಯಿಂದ ಕೇಳಿದೆವು. ಇಂದಿನ ಒಳ್ಳೆಯ ಕ್ಯಾಮರಗಳಿಗೆ ಹೊರಗಿನಿಂದ ಕವಚ ತೊಡಿಸಬೇಕು. ಆ ಕವಚದ ಬೆಲೆ ಎಷ್ಟೋ ಸಲ ಕ್ಯಾಮರದ ಬೆಲೆಯನ್ನೇ ಮೀರುತ್ತದೆ. ಅದರ ಗುಂಡಿಗಳು ಒಂದೇ ಮಾದರಿಗೆ ಹೊಂದುವಂತೆ ಮಾಡಿದವು; ಕ್ಯಾಮರ ಬದಲಾದರೆ ಕವಚವೂ ಸಾಮಾನ್ಯವಾಗಿ ನಿರುಪಯೋಗಿ. ಆದುದರಿಂದ ಹೊಸ ಮಾದರಿಗೆ ಹಾರುವವರು ಹಿಂದಿನ ಕ್ಯಾಮರವನ್ನು ಕವಚಸಮೇತ ಅಗ್ಗಕ್ಕೆ ಬಿಡುತ್ತಾರೆ. ಅಂಥದನ್ನು ಕೊಂಡು, ಉಳಿದ ಹಣವನ್ನು ದೀಪಗಳಿಗೆ ಸುರಿಯುವುದು ಮೇಲು. ಕಡಲಡಿಯಲ್ಲಿ ಬಣ್ಣ ಕೊಡುವುದು ದೀಪ. ಅದೂ ಕ್ಯಾಮರದಿಂದ ದೂರಕ್ಕೆ ಚಾಚಿದ ತೋಳಿನ ಮೇಲೆ ಓರೆಯಾಗಿ ಇರಬೇಕು. ಇಲ್ಲವಾದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು ಚಿತ್ರದ ತುಂಬ ಹಿಟ್ಟು ಚೆಲ್ಲಿದಂತಾಗುವುದು. ಫಿಲ್ಮಿಲ್ಲದ ಕ್ಯಾಮರ ಐದಾರು ವರ್ಷ ಹಳೆಯದಾದರೂ, ತೆಗೆದ ಚಿತ್ರವನ್ನು ಅಲ್ಲಿಯೇ ತೋರಿಸುತ್ತದೆ. ಕೆಟ್ಟಿದ್ದರೆ ಇನ್ನೊಮ್ಮೆ ತೆಗೆಯಬಹುದು. ಅವಳಿಗೆ ಬೇಕಾದುದು ಇಷ್ಟೇ.

ಅಂಥದೊಂದು ದೊರೆಯಿತು. ಮಾರುವವರು ಒಂದು ವಾರದ ಪರೀಕ್ಷೆಗೆ ಒಪ್ಪಿದರು. ಖಾಲಿ ಕವಚದೊಳಗೆ ತೇಲದಂತೆ ಬಟ್ಟೆಯಲ್ಲಿ ಸುತ್ತಿದ ಕಲ್ಲುಗಳನ್ನೂ, ತೇವ ತಿಳಿಯುವುದಕ್ಕೆ ತೆಳುಕಾಗದವನ್ನೂ ಇಟ್ಟು, ಹಗ್ಗ ಕಟ್ಟಿ ನಮ್ಮ ಮನೆಯ ಬಾವಿಗೆ ಇಳಿಸಿದೆವು. ಬಾವಿಯಲ್ಲಿ ಆಳವೆಲ್ಲಿ ಎಂದು ನಾವು ಸಂದೇಹಪಟ್ಟುದಕ್ಕೆ, “ಆಳಕ್ಕೆ ಹೋದಷ್ಟೂ ನೀರಿನ ಒತ್ತಡವೇ ಉಂಗುರವನ್ನು ಬಿಗಿಮಾಡುತ್ತದೆ ದೊಡ್ಡಪ್ಪ, ನೂಲು, ಕೂದಲು ಸಿಕ್ಕಿದ್ದರೆ ಎಷ್ಟೋ ಸಲ ಮೇಲೆಯೇ ಸೋರುತ್ತದೆ” ಎಂದಳು. ಒಂದು ಗಂಟೆಯ ಮೇಲೆ ಎಳೆದು ತೆರೆದಾಗ ಕಾಗದವು ಒಣಗಿಯೇ ಇದ್ದಿತು. ಅಂದು ಸಂಜೆಯೇ ಹಣ ಕಳುಹಿಸಿದೆವು.

ತಮ್ಮನ ಕ್ಯಾಮರ ಬೀರುವಿಗೆ ಮರಳಿದೆ. ಹುಡುಗಿ ನೇತ್ರಾಣಿಗೆ ಹೊರಡುವ ಹಿಂದಿನ ರಾತ್ರಿ ಜಗಲಿಯಲ್ಲಿ ಕುಳಿತು ಉಂಗುರಕ್ಕೆ ಜಿಡ್ಡು ಸವರುತ್ತಾಳೆ. ನಾವು ದೀಪ ಹಿಡಿದು ಪಕ್ಕದಲ್ಲಿ ಕೂರುತ್ತೇವೆ. ಶಲ್ಯವನ್ನು ಮಾತ್ರ ಒಳಗೆ ತೆಗೆದಿಟ್ಟು ಬಂದಿರಬೇಕು.